ಗೌರಿಯ ಪಾಲಿನ ಜೋಳದ ಹಾಲುಬಾಯಿ

ಎಳೆ ಮುಸುಕಿನ ಜೋಳ ಬೇಯುವ ವಾಸನೆ ಬಂದರೆ ಈಗಲೂ ನನಗೆ ಬಂಡಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕವ್ವ ತೀರಿಕೊಂಡ ಮೇಲೆ ಅವಳ ಮಗಳು ಗೌರಿಯನ್ನು ಅವ್ವ ಪಾಲಾರಿನಿಂದ ನಮ್ಮ ಮನೆಗೇ ಕರೆತಂದಿದ್ದಳು. ಅಂದಿನಿಂದ ಅವ್ವನ ಮಗ್ಗುಲು ಅವಳದಾಯಿತು, ನಾನು ಗೋಡೆ ಕಡೆಗೆ ಸರಿದೆ.

ಅವತ್ತು ಅವ್ವ ಜೋಳ ರುಬ್ಬಿ, ಹಾಲು ಹಿಂಡಿ, ಎರಡು ಪಾತ್ರೆಯಲ್ಲಿ ಗಟ್ಟಿ ಗಂಜಿಯ ಹದಕ್ಕೆ ಹಾಲುಬಾಯಿ ಕಾಸಿದಳು. ಉಪ್ಪು, ಹಸಿಮೆಣಸಿನಕಾಯಿ ಹಾಕಿದ್ದು ನಮಗೆಲ್ಲ. ಸಣ್ಣ ಪಾತ್ರೆಯಲ್ಲಿದ್ದದ್ದು ಬೆಲ್ಲದ್ದು.

"ಇದು ಗೌರಿಗಿರ್ಲಿ ಕಣವ್ವ, ಬೆಲ್ಲ ಒಸಿನೇ ಇದ್ದದ್ದು" ಎಂದಳು.

ಅವ್ವ ನೀರು ತರಲು ಹೋದಾಗ ಅರ್ಧ ಹಿಡಿ ಕಲ್ಲುಪ್ಪನ್ನು ಆ ಸಣ್ಣ ಪಾತ್ರೆಗೆ ಸುರಿದು ಕಲಕಿದೆ.

ಗೌರಿ ಮೊದಲ ತುತ್ತು ಬಾಯಿಗಿಟ್ಟು ನನ್ನನ್ನೇ ನೋಡಿದಳು.

"ಎಂಗದೆ ಮಗ?" ಅವ್ವ ಕೇಳಿದಳು.

"ಚೆಂದಾಗದೆ ದೊಡ್ಡವ್ವ. ಅಷ್ಟೂ ನಂಗೇ ಆಕು."

ಮುಖ ಕಿವುಚದೆ ಅಷ್ಟನ್ನೂ ತಿಂದಳು. ಆಮೇಲೆ ಪಾತ್ರೆ ಬಳಿದು ಬೆರಳು ನೆಕ್ಕಿದ ಅವ್ವ ಹಾಗೇ ನಿಂತುಬಿಟ್ಟಳು. ನನ್ನನ್ನು ಬಯ್ಯಲಿಲ್ಲ. ಗೌರಿಯ ತಲೆಯನ್ನು ಎದೆಗೆ ಒತ್ತಿಕೊಂಡಳು.

ಆಗಲೂ ನನಗೆ ಆದದ್ದು ಹೊಟ್ಟೆಕಿಚ್ಚೇ.