ನಾಲ್ಕು ಬೆರಳು ಮೆತ್ತಗೆ

“ಪೇಶೆಂಟಿಗೆ ವಯಸ್ಸೆಷ್ಟು ಟೀಚರ್?” ಎಂದು ಕೇಳಿದ ಉಡುಪಿಯ ಸರ್ಜಿಕಲ್ ಅಂಗಡಿಯ ಶೇಖರ, ಗಾಳಿ ತುಂಬುವ ರಬ್ಬರ್ ಹಾಸಿಗೆಯನ್ನು ಕಪಾಟಿನಿಂದ ಇಳಿಸುತ್ತಾ.

“ಪೇಶೆಂಟ್ ಯಾರೂ ಇಲ್ಲ. ನನಗೇ. ಕ್ಯಾಂಪಿಗೆ ಬೇಕಾದ್ದು,” ಎಂದರು ಸೆಲೀನ್ ಟೀಚರ್.

ಶೇಖರ ನಗಲಿಲ್ಲ, ಆದರೆ ನಗುವನ್ನು ನುಂಗಿಕೊಂಡದ್ದು ಟೀಚರಿಗೆ ಕಾಣದೆ ಹೋಗಲಿಲ್ಲ. ಐವತ್ತೆರಡರ ಪ್ರಾಯ, ಕೈಯಲ್ಲಿ ಕೊಡೆ, ನಡೆಯುವಾಗ ಎಡಕ್ಕೆ ಒಂದಿಷ್ಟು ವಾಲು. ಇಂಥವರಿಗೆ ಎಂತ ಕ್ಯಾಂಪು? ಕಾಪುವಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗೈಡ್ಸ್ ದಳ ಕಟ್ಟಿದವರೇ ಇವರು, ಹದಿನಾರು ವರ್ಷಗಳಲ್ಲಿ ಒಂದು ಕ್ಯಾಂಪನ್ನೂ ತಪ್ಪಿಸಿದವರಲ್ಲ ಎಂದು ಪಾಪ ಅವನಿಗೇನು ಗೊತ್ತು! ಕಳೆದ ಮಳೆಗಾಲದಲ್ಲಿ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಸೊಂಟದ ಎಲುಬು ಮುರಿದಿತ್ತು. ಮಣಿಪಾಲದ ಡಾಕ್ಟರು ಅದನ್ನು ಕೂಡಿಸಿ ಮನೆಗೆ ಕಳಿಸುವಾಗ, ನಡೆಯಿರಿ, ಬೇಕಾದರೆ ಗುಡ್ಡವನ್ನೂ ಹತ್ತಿ, ಆದರೆ ಬರೀ ನೆಲದಲ್ಲಿ ಮಾತ್ರ ಮಲಗಬೇಡಿ, ಅಡಿಯಲ್ಲಿ ನಾಲ್ಕು ಬೆರಳು ಮೆತ್ತಗೆ ಇರಲಿ ಎಂದಿದ್ದರು.

ಬರುವ ಶುಕ್ರವಾರದಿಂದ ಕಾರ್ಕಳದ ಹತ್ತಿರ ಐದು ದಿನದ ಕ್ಯಾಂಪು. ಹತ್ತಿಯ ಹಾಸಿಗೆ ಒಯ್ಯುವ ಹಾಗಿಲ್ಲ. ಬಸ್ಸಿಳಿದ ಮೇಲೆ ಎರಡು ಮೈಲಿ ಗುಡ್ಡದ ದಾರಿ, ಅವರವರ ಹೊರೆ ಅವರವರ ಬೆನ್ನಿಗೆ ಎಂಬ ನಿಯಮ ಮಾಡಿದ್ದೂ ಟೀಚರೇ. ಸಾಲದ್ದಕ್ಕೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬರ್ತಾ ಬೇರೆ. ಹಗ್ಗದ ಗಂಟು ಕಲಿಸಲು ನೆಲದಲ್ಲಿ ಕುಳಿತ ಟೀಚರನ್ನು ಇಬ್ಬರು ಹುಡುಗಿಯರು ರಟ್ಟೆ ಹಿಡಿದು ಎಬ್ಬಿಸಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮಕ್ಕಳು ನಿಮ್ಮನ್ನು ನೋಡಿಕೊಳ್ಳುವ ಕ್ಯಾಂಪು ಬೇಡ, ಯಾರ ಕೈಯನ್ನೂ ಹಿಡಿಯದೆ ಮಲಗಿದಲ್ಲಿಂದ ಎದ್ದು ನಿಲ್ಲುತ್ತೀರಾದರೆ ಹೋಗಿ, ಇಲ್ಲವಾದರೆ ಜೋನ್ ಮಿಸ್ ಹೋಗಲಿ ಎಂದುಬಿಟ್ಟರು. ಜೋನ್ ಮಿಸ್ಸಿಗೆ ಸೌದೆ ಒಲೆ ಹೊತ್ತಿಸಲೂ ಬಾರದು! ಟೀಚರಿಗೆ ಮೈಯೆಲ್ಲ ಉರಿಯಿತು. ಆದರೆ ಆಗುತ್ತದೆ ಎಂದು ಸುಳ್ಳು ಹೇಳಿ ಹೋಗುವ ಪೈಕಿಯವರೂ ಅವರಲ್ಲ.

ಹೊಸ ಹಾಸಿಗೆಗೆ ಮುನ್ನೂರ ಎಂಬತ್ತು ರೂಪಾಯಿ ಎಂದ ಶೇಖರ. ಆ ಕಾಲದಲ್ಲಿ ಅದು ಟೀಚರ ಹತ್ತಿರ ಹತ್ತಿರ ಅರ್ಧ ಸಂಬಳ. ಗಲ್ಫಿನಿಂದ ಬಂದ ನೆರೆಮನೆಯ ಸ್ಟ್ಯಾನಿಸ್ಲಾಸ್ ಕೊಟ್ಟ ಹೂವಿನ ಚಿತ್ರದ ಪ್ಲಾಸ್ಟಿಕ್ ಗಾಳಿಹಾಸಿಗೆಯನ್ನು ಮೊನ್ನೆಯೇ ನೋಡಿ ಆಗಿತ್ತು. ಟೀಚರ್ ಮಗ್ಗುಲು ಬದಲಿಸಿದ್ದೇ ತಡ, ಅದು ಉಸ್ ಎಂದು ಪ್ರಾಣ ಬಿಟ್ಟಿತ್ತು. ಅವರ ಮುಖ ಸಣ್ಣಗಾದದ್ದು ಕಂಡು ಶೇಖರ ಸ್ವರ ತಗ್ಗಿಸಿದ. ಕಳೆದ ವರ್ಷ ಇಂಥದ್ದೇ ಒಂದು ಕಟಪಾಡಿಯ ಮನೆಗೆ ಹೋಗಿದೆ, ಪೇಶೆಂಟ್ ತೀರಿಹೋದರು, ಕೇಳಿದರೆ ಕಡಿಮೆಗೆ ಕೊಟ್ಟಾರು. ಆದರೆ ಸತ್ತವರು ಮಲಗಿದ್ದು, ಯಾರೂ ಮುಟ್ಟುವುದಿಲ್ಲ ಎಂದ.

“ಮನೆ ಎಲ್ಲಿ ಅಂತ ಬರೆದುಕೊಡಿ,” ಎಂದರು ಟೀಚರ್.

ಕಟಪಾಡಿಯ ಸುಗಂಧಿ ಮೊದಲು ಒಪ್ಪಲೇ ಇಲ್ಲ. ಗಂಡ ಭೋಜಣ್ಣ ಎಂಟು ತಿಂಗಳು ಅದರಲ್ಲೇ ಮಲಗಿ ಅದರಲ್ಲೇ ಹೋದವರು. ಅದನ್ನು ಇನ್ನೊಬ್ಬರಿಗೆ ಕೊಟ್ಟು ಪಾಪ ಕಟ್ಟಿಕೊಳ್ಳಲಾ, ಬಿಸಾಡಲು ಮನಸ್ಸು ಬಾರದೆ ಅಟ್ಟದಲ್ಲಿ ಇಟ್ಟದ್ದು ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಟೀಚರ್ ಸಮಾಧಾನ ಹೇಳಿದರು, ಕೊಟ್ಟ ಚಾ ಕುಡಿದರು, ಆದರೆ ಎದ್ದು ಹೋಗಲಿಲ್ಲ. ಅರ್ಧ ಗಂಟೆಯಲ್ಲಿ ಹಾಸಿಗೆ ಅಂಗಳಕ್ಕೆ ಬಂತು. ಇಬ್ಬರೂ ಸರದಿಯ ಮೇಲೆ ಕಾಲಿನಿಂದ ಪಂಪು ಒತ್ತಿದರು. ಟೀಚರ್ ಅಂಚಿಗೆಲ್ಲ ಸಾಬೂನಿನ ನೊರೆ ಸವರಿ, ಎಲ್ಲಿಯಾದರೂ ಗುಳ್ಳೆ ಏಳುತ್ತದಾ ಎಂದು ಕನ್ನಡಕ ತಾಗುವಷ್ಟು ಬಗ್ಗಿ ನೋಡಿದರು. ಒಂದೂ ಏಳಲಿಲ್ಲ. ನೊರೆ ಒರೆಸಿ, ಕೊಡೆಯನ್ನು ಬದಿಗಿಟ್ಟು, ಹಾಡುಹಗಲೇ ಅದರ ಮೇಲೆ ಮಲಗಿಯೇ ಬಿಟ್ಟರು.

ಸೊಂಟಕ್ಕೆ ಹಾಯೆನಿಸಿತು. ಕಾಲು ಗಂಟೆ ಅಲುಗದೆ ಇದ್ದರು. ಮಲಗುವುದೇನು ದೊಡ್ಡದು, ಪರೀಕ್ಷೆ ಇದ್ದದ್ದು ಏಳುವುದರಲ್ಲಿ. ಮೊದಲ ಸಲ ಕೈ ಊರಿದಾಗ ಹಾಸಿಗೆ ಒಂದು ಕಡೆಗೆ ವಾಲಿ ಅವರನ್ನು ಮತ್ತೆ ಕೆಡವಿತು. ಸುಗಂಧಿ ಓಡಿಬಂದಳು.

“ಕೈ ಕೊಡಬೇಡಿ ಸುಗಂಧಿಯಕ್ಕ.”

“ಬೇಡ ಟೀಚರ್. ಅವರು ಇದರಿಂದ ಎದ್ದದ್ದೇ ಇಲ್ಲ. ನನಗೆ ನೋಡಲಿಕ್ಕೆ ಆಗುವುದಿಲ್ಲ.”

“ನಾನು ಏಳ್ತೇನೆ. ನೀವು ನೋಡಿ.”

ಟೀಚರ್ ಮಗ್ಗುಲಾದರು. ಮೊಣಕೈ ಊರಿ, ಒಂದು ಮಂಡಿಯನ್ನು ಅಂಚಿನಾಚೆ ನೆಲಕ್ಕೆ ಇಳಿಸಿದರು. ಸೊಂಟದಲ್ಲಿ ಛಳುಕು ಹೊಡೆಯಿತು. ಹಲ್ಲು ಕಚ್ಚಿದರು. ಶುಕ್ರವಾರದ ಬಸ್ಸು, ಇಪ್ಪತ್ತನಾಲ್ಕು ಹುಡುಗಿಯರು, ಸಿಸ್ಟರ್ ಬರ್ತಾರ ಮುಖ ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ‘ಜೆಜು’ ಎಂದು ಯೇಸುವಿನ ಹೆಸರು ಉಸುರಿ ಎರಡನೆಯ ಕಾಲನ್ನೂ ಎಳೆದುಕೊಂಡು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ಬೆವರು ಇಳಿಯುತ್ತಿತ್ತು. ಸಂತೋಷಕ್ಕೆ ಕೂಗಿಬಿಡಬೇಕೆನಿಸಿದರೂ ತಡೆದುಕೊಂಡು, ಪರ್ಸಿನಿಂದ ನೂರರ ನೋಟು ತೆಗೆದು ಜಗಲಿಯ ಮೇಲಿಟ್ಟರು. ಆಮೇಲೆ ಹಾಸಿಗೆಯ ಗಾಳಿ ತೆಗೆಯಲೆಂದು ಅದರ ಮುಚ್ಚಳಕ್ಕೆ ಕೈ ಹಾಕಿದರು.

“ಒಂದು ಗಳಿಗೆ ಇರಿ ಟೀಚರ್,” ಎಂದಳು ಸುಗಂಧಿ.

ಅವಳು ನೋಟಿನ ಕಡೆ ನೋಡಲೂ ಇಲ್ಲ. ಗೇಟಿನತ್ತ ಒಮ್ಮೆ ಕಣ್ಣು ಹಾಯಿಸಿ, ಹಾಸಿಗೆಯ ಅಂಚಿನಲ್ಲಿ ಮೆಲ್ಲನೆ ಕುಳಿತು, ಕಾಲು ಚಾಚಿ ಮಲಗಿದಳು. ಟೀಚರ್ ಮುಚ್ಚಳದಿಂದ ಕೈ ತೆಗೆದರು. ಸುಗಂಧಿ ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ಎಂಟು ತಿಂಗಳು ಇದರ ಪಕ್ಕದಲ್ಲೇ ನೆಲದಲ್ಲಿ ಮಲಗಿದ್ದೇನೆ ಟೀಚರ್. ಇಷ್ಟು ಮೆತ್ತಗೆ ಉಂಟು ಅಂತ ಗೊತ್ತೇ ಇರಲಿಲ್ಲ.”