ಹರಕು ಬಾಲದ ಮೀನು

ಊರ ನೆಲದಡಿ ಒಂದು ಗೋಡೆಯಿತ್ತು. ಅದರಾಚೆ ವಿಷದ ನೀರು, ಈಚೆ ಕುಡಿಯುವ ನೀರು. ಗೋಡೆಯನ್ನು ಕಣ್ಣಾರೆ ಕಂಡವರಿಲ್ಲ; ದೇವರಂತೆ ಅದನ್ನೂ ನಂಬಿದ್ದರು. ನಂಬಿಕೆಗೆ ಒತ್ತಾಸೆಯಾಗಿ ಪ್ರತಿ ಮನೆಯ ಬಾವಿಗೊಂದು ಮೀನು. ಬೆಳಿಗ್ಗೆ ಚುರುಮುರಿ ಎಸೆದಾಗ ಮೀನು ಮೇಲೆ ಬಂದರೆ ಮಾತ್ರ ನೀರು ಸೇದುವುದು. ಅದು ಸತ್ತರೆ ಸಂಜೆಯೊಳಗೆ ಆ ಮನೆಗೆ ಸರಕಾರದ ಬೀಗ.

ಬಸುರಿ ಕಸ್ತೂರಿ ತವರಿನಿಂದ ಹೇಳದೆ ಕೇಳದೆ ಬಂದಿದ್ದಳು. "ಹೆರಿಗಿ ಆಗೂತನಕ ಅಲ್ಲೇ ಇರಾಕ ನಿನಗೇನಾಗಿತ್ತವಾ?" ಎಂದು ಅತ್ತೆ ನೀಲವ್ವ ಗೊಣಗಿದಳು.

ಕಸ್ತೂರಿ ಚುರುಮುರಿ ಎಸೆದಳು. ನೀರು ಅಲುಗಲಿಲ್ಲ. ಇನ್ನೊಂದು ಹಿಡಿ ಎಸೆದ ಮೇಲೆ ಮೀನು ಬಂತು.

"ನಿನ್ನ ಗಂಡನಂಗ, ಎರಡು ಸಲ ಕರೀಬೇಕು ಅದಕ್ಕ," ಎಂದಳು ನೀಲವ್ವ.

ನೀರು ಸೇದಿ ತಂಬಿಗೆಯನ್ನು ತುಟಿಗೊಯ್ಯುವಾಗ ಕಸ್ತೂರಿ ಮತ್ತೆ ಬಗ್ಗಿ ನೋಡಿದಳು. ಅವರ ಮೀನಿನ ಬಾಲವನ್ನು ಹಿಂದೊಮ್ಮೆ ಆಮೆಯೊಂದು ಕಚ್ಚಿ ಹರಿದಿತ್ತು. ಇದರ ಬಾಲ ಇಡಿಯಾಗಿತ್ತು.

"ಅತ್ತಿ, ಇದು ನಮ್ಮ ಮೀನಲ್ಲ!"

"ಹೊಯ್ಕೋಬ್ಯಾಡ," ಎಂದು ನೀಲವ್ವ ತಂಬಿಗೆ ಕಸಿದುಕೊಂಡಳು. "ಹೊಟ್ಯಾಗ ಕೂಸೈತಿ. ಮುಂದಿನ ಬಸ್ಸಿಗೆ ತವರಿಗೆ ಹೋಗು."

"ಓಣಿಯವ್ರಿಗೆ ಹೇಳೂದು ಬ್ಯಾಡೇನ್ರಿ?"

ನೀಲವ್ವ ಆ ನೀರನ್ನು ತಾನೇ ಗಟಗಟ ಕುಡಿದು ಬಾಯಿ ಒರೆಸಿಕೊಂಡಳು.

"ಏನಂತ ಹೇಳ್ತಿ? ನಮ್ದು ಸತ್ತ ದಿನ ಈ ಮೀನು ಕೊಟ್ಟಾಕೀನ ಬಾಜೂ ಮನಿ ಗೌರವ್ವ. ಓಣಿಗೆಲ್ಲಾ ಆಕೀನ ಕೊಟ್ಟಾಳ."