ಚರ್ಚಿನ ಗಡಿಗೆಗೆ ಒಂದು ಹಿಡಿ ಹಿಟ್ಟು

ಆಗತಾನೇ ಬೀಸಿದ ರಾಗಿಯ ವಾಸನೆ ಬಂದರೆ ಈಗಲೂ ನನಗೆ ಮಧುಗಿರಿಯ ನಮ್ಮ ಅಡುಗೆಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗಿನ್ನೂ ಮಹಾರಾಜರ ಕಾಲ. ನಮ್ಮ ಕ್ರೈಸ್ತರ ಮನೆಗಳಲ್ಲಿ ಮುದ್ದೆಗೆ ಎಸರಿಡುವಾಗ ಒಂದು ಹಿಡಿ ಹಿಟ್ಟನ್ನು ಚರ್ಚಿನ ಪಾಲೆಂದು ಬೇರೆ ಗಡಿಗೆಗೆ ಹಾಕುತ್ತಿದ್ದರು. ಹಾಕಿ ಪ್ರಾರ್ಥನೆ ಹೇಳುವುದು ಮನೆಯ ಕಿರಿಯ ಮಗುವಿನ ಕೆಲಸ. ನಮ್ಮಲ್ಲಿ ಅದು ನನ್ನ ತಮ್ಮನದಾಗಿತ್ತು. ಅವನ ಪುಟ್ಟ ಮುಷ್ಟಿಯಿಂದ ಅರ್ಧ ಹಿಟ್ಟು ನೆಲಕ್ಕೇ ಉದುರುತ್ತಿತ್ತು. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಗೋಡೆಗೊರಗಿ ಕೂತ ಅವ್ವ ಒಲೆಯ ಹತ್ತಿರ ಬರಲಿಲ್ಲ, ದೇವರಿಗೆ ಕೈಯನ್ನೂ ಮುಗಿಯಲಿಲ್ಲ.

ಆ ಮಧ್ಯಾಹ್ನ ಅಜ್ಜಿ ಹಿಟ್ಟಿನ ಮೊರವನ್ನು ನನ್ನ ಮುಂದೆ ಸರಿಸಿ, "ಇನ್ನು ನೀನೇ ಕಿರೀಳು ಕಣಮ್ಮ, ಹಾಕು" ಎಂದಳು.

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ನಾ ಹಾಕಾಕಿಲ್ಲ. ತಮ್ಮ ಉಳೀಲಿ ಅಂತ ಅಷ್ಟು ಬೇಡ್ಕಂಡೆ, ಸ್ವಾಮಿ ಕೇಳಿಸ್ಕಂಡ್ನಾ?"

ಅಜ್ಜಿ ಗದರಲಿಲ್ಲ. "ಅದ್ನೇ ಹೇಳು ಅವ್ನಿಗೆ. ನನ್ ಮ್ಯಾಲೆ ಸಿಟ್ಟು ಬಂದ್ರೆ ಮೂರು ಬೀದಿಗೆ ಕೇಳಂಗೆ ಕಿರುಚ್ತೀಯ, ಅವ್ನತ್ರ ಏನ್ ನಾಚ್ಕೆ?"

ನಾನು ಹಿಟ್ಟು ಹಿಡಿದೆ. "ಸ್ವಾಮಿ, ನಿನ್ ಮ್ಯಾಲೆ ನಂಗೆ ಸಿಟ್ಟೈತೆ. ತಮ್ಮನ್ನ ಯಾಕೆ ಕರ್ಕಂಡೋದೆ? ಅವ್ನು ಒಬ್ನೇ ಮಲಗಾಕಿಲ್ಲ. ಪಕ್ಕದಾಗೆ ಯಾರಾನ ಮಲಗ್ಲಿ..." ಹಿಟ್ಟನ್ನು ಗಡಿಗೆಗೆ ಸುರಿದೆ.

"ಆಮೆನ್" ಎಂದು ಗೋಡೆಯ ಕಡೆಯಿಂದ ದನಿ ಬಂತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಂದಳು. ಅಜ್ಜಿಯ ಕೈಲಿದ್ದ ಮುದ್ದೆ ತಿರುವುವ ಕೋಲಿಗೆ ಕೈ ಚಾಚಿ ಹೇಳಿದಳು: "ಇತ್ತ ಕೊಡತ್ತೆ, ಹಿಟ್ಟು ನಾನು ತೊಳಸ್ತೀನಿ."